ಅಷ್ಟೆಲ್ಲ ಓದಿ ಹಳ್ಳಿಯಲ್ಲಿ ಯಾಕಿದ್ದೀರಿ?

ಈ ಪ್ರಶ್ನೆಯನ್ನು ನೆಂಟರು ಕೇಳಿದ್ದಾರೆ, ಜೊತೆಗೆ ಓದಿದವರು ಕೇಳಿದ್ದಾರೆ, ಔಷಧ ಕಂಪನಿಯ ಹುಡುಗರು ಕೇಳಿದ್ದಾರೆ. ಆಪರೇಶನ್ ಟೇಬಲ್ ಮೇಲೆ ಕೂತ ರೋಗಿಗಳೂ ಕೇಳಿದ್ದಾರೆ, ಅದೂ ನಾನು ಅವರ ಬೆನ್ನಿಗೆ ಸೂಜಿ ಹಾಕುವ ಹೊತ್ತಿಗೆ ಸರಿಯಾಗಿ! ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಅರಿವಳಿಕೆ ಡಾಕ್ಟರು. ಊರಿನ ಮಕ್ಕಳ ಬಾಯಲ್ಲಿ 'ನಿದ್ದೆ ಡಾಕ್ಟ್ರು'. ಆ ಹೆಸರು ನನಗೆ ಇಷ್ಟ. ಆದರೆ ನಿದ್ದೆ ಬರಿಸುವುದು ಈ ಕೆಲಸದಲ್ಲಿ ಚಿಕ್ಕದು. ಆಪರೇಶನ್ ಮುಗಿಯುವವರೆಗೂ ಉಸಿರು, ನಾಡಿ, ರಕ್ತದೊತ್ತಡ ಕಾಯುವುದು, ಆಮೇಲೆ ಕ್ಷೇಮವಾಗಿ ಎಬ್ಬಿಸುವುದು ದೊಡ್ಡದು.

ಯಾಕಿದ್ದೇನೆ ಅಂದರೆ, ಇಲ್ಲಿ ನನ್ನ ಕೆಲಸ ಇದೆ. ಅಷ್ಟೇ.

ಇದು ಯಾರಿಗೂ ಸಾಲುವುದಿಲ್ಲ. ಅದಕ್ಕೆ ಕಾರಣ 'ಅಷ್ಟೆಲ್ಲ ಓದಿ' ಅನ್ನುವ ಆ ಎರಡು ಪದ. ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಳ್ಳಿಯವರ ಕಾಯಿಲೆಗೆ ಕಮ್ಮಿ ಓದಿದವರು ಸಾಕು ಅಂತ ತಾನೆ ಅದರ ಅರ್ಥ? ಹೆರಿಗೆಯಾಗಿ ಕಸ (ಮಾಸು) ಬೀಳದೆ ರಕ್ತ ಹೋಗುತ್ತಿರುವ ಹೆಂಗಸಿಗೆ, ಅವರು ಹಳ್ಳಿಯವರು ಅಂತ ರಕ್ತ ನಿಧಾನವಾಗಿ ಹೋಗುತ್ತದಾ? ಅಂಥವರಿಗೆ ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ, ಮೊದಲೇ ಇಳಿದಿರುವ ರಕ್ತದೊತ್ತಡ ಇನ್ನೂ ಕುಸಿಯುತ್ತದೆ. ಆಗ ಕೆಟಮಿನ್ ನೆನಪಾಗಬೇಕು. 1970ರಿಂದ ಬಳಕೆಯಲ್ಲಿರುವ ಹಳೆಯ ಅರಿವಳಿಕೆ ಔಷಧ ಅದು. ಸಾಮಾನ್ಯವಾಗಿ ರಕ್ತದೊತ್ತಡವನ್ನು ಅಷ್ಟು ಬೀಳಿಸುವುದಿಲ್ಲ, ಉಸಿರನ್ನೂ ನಿಲ್ಲಿಸುವುದಿಲ್ಲ. ಆದರೂ ತುಂಬಾ ರಕ್ತ ಹೋದವರಿಗೆ ಅಳೆದು, ಕಮ್ಮಿ ಕೊಡಬೇಕು. ಯಾವುದನ್ನು ಕೊಡಬೇಕು ಅನ್ನುವುದಕ್ಕಿಂತ ಯಾವುದನ್ನು ಕೊಡಬಾರದು ಅಂತ ಗೊತ್ತಿರಬೇಕು, ಅದನ್ನೇ ಅಲ್ವಾ ಅಷ್ಟು ವರ್ಷ ಓದಿದ್ದು? ದೊಡ್ಡ ಆಸ್ಪತ್ರೆಯಲ್ಲಿ ನಾನು ತಡವರಿಸಿದರೆ ಪಕ್ಕದ ಕೋಣೆಯಿಂದ ಇನ್ನೊಬ್ಬರು ಓಡಿ ಬರುತ್ತಾರೆ. ಇಲ್ಲಿ ಪಕ್ಕದ ಕೋಣೆಯಲ್ಲಿ ಆಕ್ಸಿಜನ್ ಸಿಲಿಂಡರ್ ಬಿಟ್ಟರೆ ಬೇರೆ ಏನೂ ಇಲ್ಲ. ಓದಿದ್ದೆಲ್ಲ ಬೇಕಾಗುವುದು ಇಲ್ಲೇ.

ಇದನ್ನು ಮೊದಲು ಕಂಡವನು ನಾನಲ್ಲ. ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ವೇಲ್ಸ್‌ನ ಗಣಿ ಹಳ್ಳಿಯೊಂದರಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಡಾಕ್ಟರು ಇದ್ದರು. ಒಳ್ಳೆಯ ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಅದು ಕಮ್ಮಿ ಸಿಗುತ್ತದೆ ಅಂತ ಅವರು 1971ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಇನ್ನು ಕೆಲವರು ಪ್ರಶ್ನೆ ಕೇಳುವುದಿಲ್ಲ, ಕೈ ಮುಗಿಯುತ್ತಾರೆ. 'ಎಂಥಾ ತ್ಯಾಗ ನಿಮ್ಮದು!' ದಯವಿಟ್ಟು ಬೇಡ. ತ್ಯಾಗ ಅಂದುಬಿಟ್ಟರೆ, ಹಳ್ಳಿ ಆಸ್ಪತ್ರೆಗೆ ಬರುವವರು ಮಹಾತ್ಮರೇ ಆಗಿರಬೇಕು ಅಂತಾಗುತ್ತದೆ. ಮಹಾತ್ಮರು ಸಿಗುವವರೆಗೆ ಹುದ್ದೆ ಖಾಲಿ ಇರಲಿ ಅಂತಲೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಳ್ಳಿಗಳಲ್ಲಿ ವೈದ್ಯರು, ನರ್ಸ್‌ಗಳು ಉಳಿಯಲು ಏನು ಬೇಕು ಅಂತ ಸಲಹೆಗಳನ್ನು ಕೊಟ್ಟಿತು. ಹಳ್ಳಿಯಲ್ಲಿ ಬೆಳೆದ ಮಕ್ಕಳಿಗೆ ಓದಲು ಸೀಟು ಕೊಡಿ, ಓದುವಾಗಲೇ ಹಳ್ಳಿಯಲ್ಲಿ ಕೆಲಸ ಕಲಿಸಿ, ಇರಲು ಒಳ್ಳೆಯ ಸೌಕರ್ಯ ಮಾಡಿ, ಜೊತೆಯವರ ಬೆಂಬಲ ಇರಲಿ ಅನ್ನುವಂಥವು. ಅದರಲ್ಲಿ ತ್ಯಾಗದ ಮಾತಿಲ್ಲ.

ಒಂದು ದಿನದ ವಿಷಯ ಹೇಳಬೇಕು. ನಾನು ಎರಡು ದಿನದ ತರಬೇತಿಗೆ ಹೋಗಿದ್ದೆ. ಮಧ್ಯಾಹ್ನ ನಮ್ಮ ಹೆರಿಗೆ ಡಾಕ್ಟರ್ ಫೋನ್ ಮಾಡಿದರು. 'ತಲೆ ಇಳೀತಿಲ್ಲ, ಮಗುವಿನ ಎದೆಬಡಿತ ಕಮ್ಮಿ ಆಗ್ತಿದೆ. ಎಲ್ಲಿದ್ದೀರಿ?' ಎಲ್ಲಿದ್ದೇನೆ ಅಂತ ಹೇಳಿದೆ. ಆ ಕಡೆಯಿಂದ ಮಾತಿಲ್ಲ. ಆಪರೇಶನ್ ಮಾಡಲು ಅವರಿಗೆ ಬರುತ್ತಿತ್ತು, ಥಿಯೇಟರ್ ಸಿದ್ಧ ಇತ್ತು, ನರ್ಸ್ ಕೈ ತೊಳೆದು ನಿಂತಿದ್ದರು. ಇಲ್ಲದ್ದು ನಾನೊಬ್ಬ. ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎರಡೂವರೆ ಗಂಟೆ ದಾರಿ. ತಾಯಿ ಉಳಿದರು. ಮಗು ಉಳಿಯಲಿಲ್ಲ.

ಶಸ್ತ್ರಚಿಕಿತ್ಸೆ ಬಗ್ಗೆ 2015ರಲ್ಲಿ ಅದೇ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಒಂದು ವರದಿ ಕೊಟ್ಟಿತು. ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಆಪರೇಶನ್, ಚರ್ಮ ಸೀಳಿ ಹೊರಬಂದ ಮೂಳೆಮುರಿತದ ಚಿಕಿತ್ಸೆ, ಈ ಮೂರೂ ಆಗುವ ಆಸ್ಪತ್ರೆ 2030ರ ಹೊತ್ತಿಗೆ ನೂರಕ್ಕೆ ಎಂಬತ್ತು ಜನರಿಗಾದರೂ ಎರಡು ಗಂಟೆಯೊಳಗೆ ಸಿಗಬೇಕು ಅಂತ ಅದರಲ್ಲಿದೆ. ನಮ್ಮ ಆಸ್ಪತ್ರೆಯಲ್ಲಿ ಮೊದಲಿನ ಎರಡು ಆಗುತ್ತವೆ, ಅದೂ ನಾನು ಊರಲ್ಲಿದ್ದ ದಿನ ಮಾತ್ರ. ನಾನು ಹೊರಟ ದಿನ ಇಡೀ ಸೀಮೆಗೆ ಆ ಎರಡಕ್ಕೂ ಎರಡು ಗಂಟೆಯ ಲೆಕ್ಕ ತಪ್ಪುತ್ತದೆ. ನನಗೆ ಜ್ವರ ಬಂದ ದಿನವೂ ಅಷ್ಟೇ.

ಅದೇ ಹೆಂಗಸು ಒಂದೂವರೆ ವರ್ಷದ ಮೇಲೆ ಮತ್ತೆ ಬಸುರಾಗಿ ಬಂದರು. ಹೆರಿಗೆ ಡಾಕ್ಟರ ಹತ್ತಿರ ತೋರಿಸಿಕೊಂಡು, ಸೀದಾ ನನ್ನ ಬಾಗಿಲಿಗೆ ಬಂದು ನಿಂತರು. ನಾನು ಯಾಕೆ ಈ ಊರಿನಲ್ಲಿದ್ದೇನೆ ಅಂತ ಅವರು ಕೇಳಲಿಲ್ಲ. 'ದಿನ ತುಂಬೋ ಹೊತ್ತಿಗೆ ನೀವು ಊರಲ್ಲಿ ಇರ್ತೀರಾ ಡಾಕ್ಟ್ರೇ?' ಅಂದರು.

ಇಷ್ಟು ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ನೀವೂ ಅದನ್ನೇ ಕೇಳಿ. ನನ್ನನ್ನಲ್ಲ, ಹುದ್ದೆ ತುಂಬುವವರನ್ನು ಕೇಳಿ. ಈ ಡಾಕ್ಟರು ಇಲ್ಲದ ದಿನ ಯಾರು? ಎರಡನೆಯವರು ಎಲ್ಲಿ?

ನಾನು ಇದ್ದೆ. ಹೆಣ್ಣು ಮಗು. ಹೊರಗೆ ತೆಗೆದ ಕೂಡಲೇ ಎಷ್ಟು ಜೋರಾಗಿ ಅತ್ತಿತು ಅಂದರೆ ನಮ್ಮ ನರ್ಸ್ ನಕ್ಕುಬಿಟ್ಟರು.

ಈಗ ರಜೆ ಬೇಕಾದರೆ ಮೊದಲು ಬೇರೆ ಊರಿನ ನನ್ನಂಥ ಡಾಕ್ಟರೊಬ್ಬರಿಗೆ ಫೋನ್ ಮಾಡುತ್ತೇನೆ. ಅವರು ಒಪ್ಪಿದರೆ ಮಾತ್ರ ಹೊರಡುವುದು. ಬರುವ ತಿಂಗಳು ನಾಲ್ಕು ದಿನ ಅಮ್ಮನ ಜೊತೆ ಇರಬೇಕು, ಅವರ ಕಣ್ಣಿನ ಆಪರೇಶನ್ ಇದೆ. ಮೂರು ದಿನಕ್ಕೆ ಆ ಡಾಕ್ಟರು ಬರುತ್ತೇನೆ ಅಂದಿದ್ದಾರೆ. ನಾಲ್ಕನೇ ದಿನಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.