ಅಷ್ಟು ಚಿಕ್ಕ ಮಗುವನ್ನು ಎತ್ತಿಕೊಳ್ಳೋಕೆ ಭಯ ಆಗಲಿಲ್ವಾ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದವರು, ಊರಿಂದ ಫೋನ್ ಮಾಡಿದವರು, ಎಲ್ಲರೂ ಕೇಳುವುದು ಇದೊಂದೇ. ನಮ್ಮ ಮಗಳು 31ನೇ ವಾರಕ್ಕೇ ಹುಟ್ಟಿದಳು. ತೂಕ 1 ಕಿಲೋ 400 ಗ್ರಾಂ. ನನ್ನ ಮೈಬಿಸುಪು ಸಿಗಲಿ ಅಂತ, ಅಂಗಿ ಬಿಚ್ಚಿ ಅವಳನ್ನು ಎದೆ ಮೇಲೆ ಮಲಗಿಸಿಕೊಳ್ಳುತ್ತಿದ್ದವನು ನಾನು.

ಭಯ ಆಯ್ತು. ತುಂಬಾ ಆಯ್ತು. ಸಿಸೇರಿಯನ್ ಆಗಿ ಹೆಂಡತಿ ಬೇರೆ ವಾರ್ಡಿನಲ್ಲಿದ್ದಳು, ಬಿಪಿ ಇಳಿದಿರಲಿಲ್ಲ. ನಾನು ಎರಡು ದಿನ ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಬಾಗಿಲಲ್ಲಿ ನಿಂತು ಬರೀ ಮಾನಿಟರ್ ನೋಡಿದೆ. ಮೂರನೇ ದಿನ ಸಿಸ್ಟರ್ ಕುರ್ಚಿ ಎಳೆದು, "ಬಾಬಾ, ಘಾಬರೂ ನಕಾ" (ಹೆದರಬೇಡಿ) ಎಂದು ಮರಾಠಿಯಲ್ಲಿ ಹೇಳಿ ಕೂರಿಸಿದರು.

ಮಗುವಿನ ಮೈಮೇಲೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ. ಎದೆ ನಡುವೆ ನೆಟ್ಟಗೆ, ಕೈಕಾಲು ಕಪ್ಪೆಯ ಹಾಗೆ ಮಡಚಿ ಇಟ್ಟರು. ಉಸಿರಾಟಕ್ಕೆ ತೊಂದರೆ ಆಗಬಾರದೆಂದು ತಲೆಯನ್ನು ಒಂದು ಕಡೆಗೆ ತಿರುಗಿಸಿ, ಗದ್ದ ಸ್ವಲ್ಪ ಮೇಲೆತ್ತಿದರು. ಮೇಲೆ ಬಟ್ಟೆ ಸುತ್ತಿ ಕಟ್ಟಿದರು. ನನ್ನ ಅಂಗೈ ಅವಳ ಇಡೀ ಬೆನ್ನನ್ನು ಮುಚ್ಚುತ್ತಿತ್ತು. ಹತ್ತು ನಿಮಿಷ ನಾನು ಅಲುಗಾಡಲೇ ಇಲ್ಲ. ಆಮೇಲೆ ಅವಳ ಉಸಿರು ನನ್ನ ಚರ್ಮಕ್ಕೇ ಗೊತ್ತಾಗತೊಡಗಿತು. ಆ ದಿನ ಮಾನಿಟರ್ ಕಡೆ ನೋಡುವುದು ಮರೆತೇ ಹೋಯ್ತು.

ಧೈರ್ಯ ಮೊದಲೇ ಇರಬೇಕು ಅಂತ ಅಂದುಕೊಂಡಿದ್ದೆ. ಹಾಗಲ್ಲ, ಎತ್ತಿಕೊಂಡ ಮೇಲೇ ಅದು ಬಂತು. ವಾರದೊಳಗೆ, ಅವಳು ಬಾಯಿ ಚಪ್ಪರಿಸಿ ತಲೆ ಹೊರಳಿಸಿದರೆ ಹಸಿವು ಅಂತ ನನಗೇ ತಿಳಿಯುತ್ತಿತ್ತು.

"ಇದು ತಾಯಿ ಮಾಡೋ ಕೆಲಸ ಅಲ್ವಾ?" ಅಂತ ಅತ್ತೆ ಕೇಳಿದರು. ಹೀಗೆ ಮಗುವನ್ನು ಬರಿ ಎದೆಗೆ ತಾಗಿಸಿ ಇಟ್ಟುಕೊಳ್ಳುವುದಕ್ಕೆ ಇರುವ ಕಾಂಗರೂ ಮದರ್ ಕೇರ್ ಅನ್ನೋ ಹೆಸರೇ ಹಾಗಿದೆ, ಅವರದೇನೂ ತಪ್ಪಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರ್ ಎಡ್ಗರ್ ರೇ ಇದನ್ನು ಶುರು ಮಾಡಿದ್ದು ತಾಯಂದಿರ ಜೊತೆಗೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ದಿನಕ್ಕೆ 8ರಿಂದ 24 ಗಂಟೆ. ಹೊಲಿಗೆ ಇನ್ನೂ ಹಸಿ ಇರುವ ಬಾಣಂತಿ ಒಬ್ಬಳೇ ಅಷ್ಟು ಹೊತ್ತು ಹೇಗೆ ಕೂತಾಳು? ಎದೆಹಾಲು ಅವಳದ್ದು, ಬಿಸುಪು ನಾನೂ ಕೊಡಬಲ್ಲೆ. ಅತ್ತೆ ಮರುದಿನ ತಮ್ಮ ಮೆತ್ತನೆಯ ಹಳೇ ಕಾಟನ್ ಸೀರೆ ಹರಿದು, ಒಗೆದು, ಒಣಗಿಸಿ ತಂದುಕೊಟ್ಟರು.

ಹೋದ ವಾರ ಪುಣೆಯಿಂದ ತಮ್ಮ ಫೋನ್ ಮಾಡಿದ್ದ. ಅವನ ಮಗುವೂ ಈಗ ಎನ್‌ಐಸಿಯುನಲ್ಲಿದೆ. ಅವನೂ ಇದನ್ನೇ ಕೇಳಿದ. "ಸ್ನಾನ ಮಾಡು, ಸೆಂಟ್ ಹಾಕ್ಬೇಡ. ಮುಂದೆ ಗುಂಡಿ ಇರೋ ಅಂಗಿ ಹಾಕ್ಕೊಂಡು ಹೋಗು. ಸಿಸ್ಟರ್ ಕೇಳೋ ಮೊದಲು, ಮಗುವನ್ನು ಎತ್ತಿಕೊಳ್ಳಲಾ ಅಂತ ನೀನೇ ಕೇಳು" ಅಂದೆ.