‘ಕೈಟ್‌ನವರೇ ದಾರಿ ಬಿಡಬೇಕು ತಾನೇ?’ ಇಲ್ಲ. ಪೂರ್ತಿ ಕೇಳಿ

“ಕೈಟ್‌ನವರೇ ದಾರಿ ಬಿಡಬೇಕು ತಾನೇ?” ಅಂತ ವಿಂಡ್‌ಸರ್ಫಿಂಗ್ ಮಾಡುವವರು, ಅಂದರೆ ಹಾಯಿ ಜೋಡಿಸಿದ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಓಡುವವರು, ಕೇಳುತ್ತಾರೆ. “ನಮ್ಮ ಲೈನು ಅವರಿಗೆ ಕಾಣಿಸುತ್ತಲ್ಲ, ಅವರೇ ಸುತ್ತಿ ಹೋಗಬಹುದಲ್ಲ?” ಅಂತ ಕೈಟ್‌ಸರ್ಫಿಂಗ್ ಮಾಡುವವರು, ಅಂದರೆ ಲೈನು ಎನ್ನುವ ಉದ್ದನೆಯ ದಾರಗಳ ತುದಿಯ ದೊಡ್ಡ ಗಾಳಿಪಟದಿಂದ ಎಳೆಸಿಕೊಂಡು ಬೋರ್ಡಿನ ಮೇಲೆ ಓಡುವವರು, ಕೇಳುತ್ತಾರೆ. ಇವೆರಡೂ ಪ್ರಶ್ನೆಗಳೇ ಅಲ್ಲ. ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಬಂದು ನನ್ನ ಬಾಯಲ್ಲಿ ಹೂಂ ಅನ್ನಿಸಿಕೊಳ್ಳುವ ಪ್ರಯತ್ನ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಒಮ್ಮೆ ಬರೆದು ಹಾಕುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನೇರ ಉತ್ತರ: ನೀವು ಯಾವ ಸಲಕರಣೆ ಹಿಡಿದಿದ್ದೀರಿ ಎನ್ನುವುದರ ಮೇಲೆ ದಾರಿಯ ಹಕ್ಕು ನಿಂತಿಲ್ಲ. ಎರಡೂ ಗಾಳಿಯಿಂದ ಓಡುವಂಥವು, ಎರಡಕ್ಕೂ ಹಾಯಿದೋಣಿಗಳ ನಿಯಮವೇ ಆಧಾರ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ 12ನೇ ನಿಯಮ ಹೇಳುವುದು ಇಷ್ಟು. ಇಬ್ಬರಿಗೂ ಗಾಳಿ ಬೇರೆ ಬೇರೆ ಮಗ್ಗುಲಿನಿಂದ ಬರುತ್ತಿದ್ದರೆ, ಎಡ ಮಗ್ಗುಲಿಗೆ ಗಾಳಿ ಇರುವವರು ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಮಗ್ಗುಲಿನಿಂದ ಬರುತ್ತಿದ್ದರೆ, ಗಾಳಿ ಬೀಸಿ ಬರುವ ಕಡೆ, ಅಂದರೆ ಮೇಲ್ಬದಿಯಲ್ಲಿ ಇರುವವರು ಕೆಳಬದಿಯವರಿಗೆ ಬಿಡಬೇಕು. ಅದರ ಮುಂದಿನ 13ನೇ ನಿಯಮ: ಹಿಂದಿನಿಂದ ಬಂದು ದಾಟುವವರು ಮುಂದಿನವರಿಂದ ದೂರ ಇರಬೇಕು. ಇದರಲ್ಲಿ ಎಲ್ಲಿಯೂ ಕೈಟ್ ಅಂತಲೂ ಇಲ್ಲ, ವಿಂಡ್‌ಸರ್ಫ್ ಅಂತಲೂ ಇಲ್ಲ.

ನೀರಿನ ಮೇಲೆ ಮಗ್ಗುಲು ಲೆಕ್ಕ ಹಾಕುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಕೈ ನೋಡಿಕೊಳ್ಳಿ. ಬೂಮ್ (ಹಾಯಿಯನ್ನು ಹಿಡಿಯುವ ಅಡ್ಡಪಟ್ಟಿ) ಮೇಲಾಗಲಿ ಬಾರ್ (ಕೈಟ್ ನಡೆಸುವ ಹಿಡಿ) ಮೇಲಾಗಲಿ, ಸಾಗುವ ದಿಕ್ಕಿನ ಕಡೆ ಬಲಗೈ ಇದ್ದರೆ ನೀವು ಸ್ಟಾರ್‌ಬೋರ್ಡ್, ಅಂದರೆ ಗಾಳಿ ನಿಮ್ಮ ಬಲ ಮಗ್ಗುಲಿಗೆ, ದಾರಿ ನಿಮ್ಮದು. ಎಡಗೈ ಮುಂದಿದ್ದರೆ ಪೋರ್ಟ್, ಅಂದರೆ ಗಾಳಿ ಎಡ ಮಗ್ಗುಲಿಗೆ, ಬಿಡಬೇಕಾದವರು ನೀವು. ಕಾಲನ್ನು ನಂಬಬೇಡಿ. ಕೈಟ್‌ನವರು ಬೋರ್ಡಿನ ಕಾಲ್ಬೆರಳ ಕಡೆಯ ಅಂಚಿನ ಮೇಲೆ ಸವಾರಿ ಮಾಡುವಾಗ ಕಾಲು ಅದಲುಬದಲಾಗುತ್ತದೆ. ಕೈ ಹಾಗಾಗುವುದಿಲ್ಲ.

“ನಾವು ಮೊದಲು ಬಂದವರು” ಎನ್ನುವ ವಾದವೂ ಆಗಾಗ ಕಿವಿಗೆ ಬೀಳುತ್ತದೆ. ವಿಂಡ್‌ಸರ್ಫಿಂಗ್ 1984ರಲ್ಲೇ ಒಲಿಂಪಿಕ್ಸ್‌ಗೆ ಬಂತು, ಕೈಟ್ ಬಂದದ್ದು 2024ರಲ್ಲಿ. ನಿಜ. ಆದರೆ ಗಾಳಿಗೆ ಹಿರಿತನ ಗೊತ್ತಿಲ್ಲ. ಆ ವಾದವನ್ನು ದಡದಲ್ಲೇ ಬಿಟ್ಟು ನೀರಿಗಿಳಿಯಿರಿ.

ಹಾಗಾದರೆ ಜಗಳ ಯಾಕೆ? ನಿಯಮ ಒಂದೇ ಆದರೂ ಇಬ್ಬರೂ ತುಂಬುವ ಜಾಗ ಒಂದೇ ಅಲ್ಲ. ವಿಂಡ್‌ಸರ್ಫರ್ ಎಲ್ಲಿದ್ದಾರೋ ಅವರ ಹಾಯಿಯೂ ಅಲ್ಲೇ. ನಾಲ್ಕು, ನಾಲ್ಕೂವರೆ ಮೀಟರಿನ ಮಾಸ್ಟ್ (ಹಾಯಿಯ ಕಂಬ), ಎರಡು ಮೀಟರ್ ಆಸುಪಾಸಿನ ಬೂಮ್, ಅಲ್ಲಿಗೆ ಮುಗಿಯಿತು. ಕೈಟ್‌ನವರು ಒಂದು ಕಡೆ, ಅವರನ್ನು ಎಳೆಯುವ ಕೈಟ್ 22ರಿಂದ 24 ಮೀಟರ್ ಆಚೆ, ಅದೂ ಯಾವಾಗಲೂ ಕೆಳಬದಿಗೆ. ನಡುವೆ ಎರಡು ಮಿಲಿಮೀಟರೂ ದಪ್ಪವಿಲ್ಲದ ನಾಲ್ಕೈದು ಲೈನು. ವಿಂಡ್‌ಸರ್ಫರ್‌ಗೆ ಅದು ಅಂಗಳದಲ್ಲಿ ಕತ್ತಿನ ಎತ್ತರಕ್ಕೆ ಕಟ್ಟಿದ ಬಟ್ಟೆ ಹಾಕುವ ತಂತಿ ಇದ್ದಂತೆ, ಕಂಡಾಗ ತಡವಾಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಕೈಟ್ ನೀರಿನ ಮಟ್ಟದಿಂದ 45 ಡಿಗ್ರಿ ಮೇಲಿದೆ ಅಂದುಕೊಳ್ಳಿ. ಲೈನು ಹೊರಡುವುದು ಸವಾರರ ಸೊಂಟದ ಹತ್ತಿರ, ನೀರಿನಿಂದ ಸುಮಾರು ಒಂದು ಮೀಟರ್ ಮೇಲೆ. ಕೈಟ್ ಇರುವ ದಿಕ್ಕಿನಲ್ಲಿ ಸವಾರರಿಂದ ಮೂರು ಮೀಟರ್ ದೂರದಲ್ಲಿ ಲೈನಿನ ಎತ್ತರ ನಾಲ್ಕು ಮೀಟರ್. ಅಲ್ಲಿ ಹಾದರೆ ಮಾಸ್ಟಿನ ತುದಿ ಸಿಕ್ಕಿಕೊಂಡಿತೆಂದೇ ಲೆಕ್ಕ. ಆರು ಮೀಟರ್ ದೂರದಲ್ಲಿ ಲೈನು ಏಳು ಮೀಟರ್ ಎತ್ತರದಲ್ಲಿರುತ್ತದೆ, ಪಾರು. ಕೈಟ್ 30 ಡಿಗ್ರಿಗೆ ಇಳಿದಿದ್ದರೆ ಅದೇ ಆರು ಮೀಟರ್ ದೂರದಲ್ಲಿ ಲೈನು ನಾಲ್ಕೂವರೆ ಮೀಟರಿಗೆ ಬಂದಿರುತ್ತದೆ, ಮಾಸ್ಟಿಗೆ ತಾಗುವಷ್ಟು. ಕೈಟನ್ನು 70 ಡಿಗ್ರಿಗೆ ಏರಿಸಿದರೆ ಮೂರು ಮೀಟರ್ ದೂರದಲ್ಲೇ ಲೈನು ಒಂಬತ್ತು ಮೀಟರ್ ಮೇಲಿರುತ್ತದೆ. ಎಲ್ಲರೂ ಬಾಯಿಪಾಠ ಮಾಡುವ “ಮೇಲ್ಬದಿಯವರ ಕೈಟ್ ಮೇಲೆ, ಕೆಳಬದಿಯವರ ಕೈಟ್ ಕೆಳಗೆ” ಎನ್ನುವ ಮಾತಿನ ಹಿಂದಿರುವುದು ಈ ಲೆಕ್ಕವೇ. ಇಬ್ಬರು ಕೈಟ್‌ನವರು ಎದುರಾದಾಗ ಇಬ್ಬರೂ ಹೊಂದಿಸಿಕೊಳ್ಳುತ್ತಾರೆ. ಎದುರಿಗಿರುವುದು ವಿಂಡ್‌ಸರ್ಫರ್ ಆದರೆ ಆ ಕಡೆಯಿಂದ ತಗ್ಗಿಸಲು ಏನೂ ಇಲ್ಲ. ಮಾಸ್ಟ್ ಮಡಚಲು ಬರುವುದಿಲ್ಲ.

ಆದ್ದರಿಂದ ಹಕ್ಕು ಯಾರದ್ದೇ ಇರಲಿ, ಕೈಟ್‌ನವರಿಗೆ ನನ್ನ ಸಲಹೆ ಒಂದೇ: ವಿಂಡ್‌ಸರ್ಫರ್ ಎದುರು ಬಂದರೆ ಆದಷ್ಟೂ ಅವರ ಕೆಳಬದಿಯಿಂದ ಹಾದುಹೋಗಿ. ಆಗ ನಿಮ್ಮ ಲೈನು, ಕೈಟ್ ಎಲ್ಲ ಅವರಿಂದ ಆಚೆಗೆ ಹೋಗುತ್ತದೆ. ಕೈಟ್ ತುಸು ತಗ್ಗಿಸಿ, ಕೆಳಗೆ ಈಜುವವರು ಇಲ್ಲವೆಂದು ನೋಡಿಕೊಂಡು ಸಾಗಿ. ಮೇಲ್ಬದಿಯಿಂದಲೇ ಹೋಗಬೇಕಾಗಿ ಬಂದರೆ ಕೈಟ್ ಏರಿಸಿ, ಆದರೆ ನಿಧಾನವಾಗಿ, ಮುಂಚೆಯೇ, ಬೋರ್ಡಿನ ಅಂಚನ್ನು ನೀರಿಗೆ ಬಲವಾಗಿ ಒತ್ತಿಕೊಂಡು. ಗಾಬರಿಯಲ್ಲಿ ಬಾರನ್ನು ತಟ್ಟನೆ ಎಳೆದರೆ ಕೈಟ್ ಮೇಲಕ್ಕೆ ನುಗ್ಗಿ ನಿಮ್ಮನ್ನೇ ನೀರಿನಿಂದ ಎತ್ತುತ್ತದೆ. ಎತ್ತಿದ ಮೇಲೆ ಗಾಳಿ ನಿಮ್ಮನ್ನು ಒಯ್ಯುವುದು ಕೆಳಬದಿಗೆ, ಅಂದರೆ ಯಾರನ್ನು ತಪ್ಪಿಸಲು ಹೊರಟಿರೋ ಅವರ ಮೇಲಕ್ಕೇ.

ಸಮಯ ಎಷ್ಟಿದೆ ಎನ್ನುವುದನ್ನೂ ತಿಳಿದುಕೊಳ್ಳಿ. ಇಬ್ಬರೂ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ವೇಗದಲ್ಲಿ ಎದುರುಬದುರು ಬಂದರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 20 ಮೀಟರ್ ಕರಗುತ್ತದೆ. ನೂರು ಮೀಟರ್ ದೂರ ಅಂದರೆ ಐದು ಸೆಕೆಂಡು. ನಿರ್ಧಾರ ಅಷ್ಟು ದೂರದಲ್ಲೇ ಆಗಿರಬೇಕು. ದಾರಿ ಬಿಡುವವರು ಬಿಡುತ್ತಿದ್ದೇವೆಂದು ಎದುರಿನವರಿಗೆ ಕಾಣುವಷ್ಟು ದೊಡ್ಡದಾಗಿ ದಿಕ್ಕು ಬದಲಿಸಬೇಕು. ಎರಡು ಡಿಗ್ರಿ ಹೊರಳಿ ಸುಮ್ಮನಾದರೆ ಅದು ಯಾರಿಗೂ ತಿಳಿಯುವುದಿಲ್ಲ. ಹಕ್ಕಿರುವವರು ಹೋಗುತ್ತಿರುವ ದಾರಿಯಲ್ಲೇ ಅದೇ ವೇಗದಲ್ಲಿ ಹೋಗಬೇಕು. ಇಲ್ಲಿ ಒಳ್ಳೆಯವರೇ ಎಡವುತ್ತಾರೆ. ಹಕ್ಕು ತಮ್ಮದಾಗಿದ್ದರೂ ಮರ್ಯಾದೆಗೆಂದು ಕೊನೇ ಗಳಿಗೆಯಲ್ಲಿ ಹೊರಳುತ್ತಾರೆ. ಎದುರಿನವರೂ ಅದೇ ಕಡೆಗೆ ಹೊರಳಿರುತ್ತಾರೆ. ಮರ್ಯಾದೆ ತೋರಿಸಬೇಕೆಂದಿದ್ದರೆ ನೂರೈವತ್ತು ಮೀಟರ್ ಇರುವಾಗಲೇ ತೋರಿಸಿ. ಎದುರಿನವರು ಬಿಡುವುದೇ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಹಕ್ಕು ಪಕ್ಕಕ್ಕಿಟ್ಟು ತಪ್ಪಿಸಿಕೊಳ್ಳಬೇಕು. ಆಗ ಅದು ಕರ್ತವ್ಯ.

ಕೈಟ್‌ನವರು ಒಂದು ಕೈ ಬಿಟ್ಟು ಯಾವ ಕಡೆ ಹೋಗುತ್ತೇನೆಂದು ತೋರಿಸಬಹುದು, ತೋರಿಸಲೇಬೇಕು. ವಿಂಡ್‌ಸರ್ಫರ್‌ಗಳಿಗೆ ಅದು ಅಷ್ಟು ಸುಲಭವಲ್ಲ. ಕೂಗಿ, ಇಲ್ಲವೇ ಬೇಗ ದಿಕ್ಕು ಬದಲಿಸಿ ತೋರಿಸಿ.

ಈಗ ನನ್ನನ್ನು ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆಗೆ ಬರುತ್ತೇನೆ. “ಎದುರಿಗಿರುವವರಿಗೆ ಯಾವಾಗ ತಪ್ಪಿಸಿಕೊಳ್ಳಲು ಆಗುವುದಿಲ್ಲ?” ಇದು ಗೊತ್ತಿದ್ದವರು ಹಕ್ಕಿನ ಜಗಳಕ್ಕೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಮೊದಲನೆಯದು, ಕಾಣದ ಜಾಗ. ವಿಂಡ್‌ಸರ್ಫರ್‌ಗೆ ಕೆಳಬದಿ ಸರಿಯಾಗಿ ಕಾಣುವುದಿಲ್ಲ, ಹಾಯಿ ಅಡ್ಡ. ಪಾರದರ್ಶಕ ಹಾಳೆಯ ಮೂಲಕ ನೋಡಬೇಕು, ಅದರ ಮೇಲೂ ಉಪ್ಪುನೀರಿನ ಹನಿ. ಕೈಟ್‌ನವರಿಗೆ ಮೇಲ್ಬದಿ ಕಾಣುವುದಿಲ್ಲ, ಬೆನ್ನು ಆ ಕಡೆಗಿರುತ್ತದೆ. ಮೇಲ್ಬದಿಯಲ್ಲಿ ವಿಂಡ್‌ಸರ್ಫರ್, ಕೆಳಬದಿಯಲ್ಲಿ ಕೈಟ್, ಇಬ್ಬರೂ ಒಂದೇ ದಿಕ್ಕಿಗೆ ಅಕ್ಕಪಕ್ಕದಲ್ಲಿ ಓಡುತ್ತಿದ್ದರೆ ಇಬ್ಬರಿಗೂ ಇಬ್ಬರೂ ಕಾಣುವುದಿಲ್ಲ. ಎದುರಾದಾಗ ಕೆಳಬದಿಯಿಂದ ದಾಟಿ ಅಂದೆನಲ್ಲ, ದಾಟಿ ಮುಂದೆ ಹೋಗಿ ಅಂತ ಅರ್ಥ. ಅಲ್ಲೇ ಜೊತೆಯಾಗಿ ಓಡುತ್ತಾ ಇರಬೇಡಿ. ಕೈಟ್‌ನವರು ಹಿಂದಿನಿಂದ ಬಂದು ದಾಟುವುದಾದರೂ ಕೆಳಬದಿಯಿಂದಲೇ, ಸಾಕಷ್ಟು ಅಂತರ ಬಿಟ್ಟು. ವಿಂಡ್‌ಸರ್ಫರ್ ಕೈಟ್‌ನವರನ್ನು ದಾಟುವಾಗ ಮೇಲ್ಬದಿಯಿಂದ, ಕೂಗಿ ತಿಳಿಸಿ.

ಎರಡನೆಯದು, ತಿರುವು. ವಿಂಡ್‌ಸರ್ಫರ್ ಜೈಬ್ ಮಾಡುವಾಗ, ಅಂದರೆ ಗಾಳಿ ಹೋಗುವ ಕಡೆಗೆ ಹೊರಳಿ ತಿರುಗುವಾಗ, ಕೆಳಬದಿಗೆ ದೊಡ್ಡ ಕಮಾನಿನಂತೆ ಹರಿದು ಬರುತ್ತಾರೆ, ಶುರುವಾದ ಮೇಲೆ ನಡುವೆ ನಿಲ್ಲಿಸಲು ಆಗುವುದಿಲ್ಲ. ಅದರ ಸೂಚನೆ ಮುಂಚೆಯೇ ಸಿಗುತ್ತದೆ. ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಪಟ್ಟಿ) ಕೊಕ್ಕೆಯನ್ನು ಬೂಮಿನ ಲೈನಿನಿಂದ ಬಿಡಿಸಿಕೊಳ್ಳುತ್ತಾರೆ, ಹಿಂಗೈ ಬೂಮ್ ಮೇಲೆ ಇನ್ನೂ ಹಿಂದಕ್ಕೆ ಜಾರುತ್ತದೆ, ಹಿಂಗಾಲು ಪಟ್ಟಿಯಿಂದ ಹೊರಬಂದು ಬೋರ್ಡಿನ ಕೆಳಬದಿಯ ಅಂಚಿಗೆ ಹೋಗುತ್ತದೆ. ಈ ಮೂರು ಕಂಡರೆ ಒಂದೆರಡು ಸೆಕೆಂಡಿನಲ್ಲಿ ಅವರು ನಿಮ್ಮ ಕಡೆ ಬರುತ್ತಾರೆ, ಜಾಗ ಬಿಡಿ. ಕೈಟ್‌ನವರು ತಿರುಗುವ ಸೂಚನೆ ಆಕಾಶದಲ್ಲಿರುತ್ತದೆ: ಕೈಟ್ 12 ಗಂಟೆಯ ಮುಳ್ಳಿನ ಜಾಗಕ್ಕೆ, ಅಂದರೆ ನೆತ್ತಿಯ ಮೇಲಕ್ಕೆ, ಏರತೊಡಗಿದರೆ ತಿರುವು ಇಲ್ಲವೇ ನೆಗೆತ. ನೆಗೆಯುವವರಿಗೆ ಕಲಿಸುವ ಅಳತೆ ಕೆಳಬದಿಗೆ 50 ಮೀಟರ್, ಮೇಲ್ಬದಿಗೆ 30 ಮೀಟರ್ ಖಾಲಿ ಇರಬೇಕು ಎಂದು. ಅಷ್ಟು ಜಾಗವಿಲ್ಲದಿದ್ದರೆ ನೆಗೆಯಬೇಡಿ, ಇದರಲ್ಲಿ ರಾಜಿಯೇ ಇಲ್ಲ.

ಮೂರನೆಯದು, ಬಿದ್ದವರು. ನೀರಿನಲ್ಲಿ ಬಿದ್ದು ಹಾಯಿಯ ಕೆಳಗೆ ಗಾಳಿ ತುಂಬಿಸಿಕೊಂಡು ಏಳಲು ನೋಡುತ್ತಿರುವ ವಿಂಡ್‌ಸರ್ಫರ್, ಬೋರ್ಡಿನ ಮೇಲೆ ನಿಂತು ಹಗ್ಗದಿಂದ ಹಾಯಿ ಎತ್ತುತ್ತಿರುವ ಹೊಸಬರು, ಕೈಟ್ ನೀರಿಗೆ ಬಿದ್ದವರು: ಇವರಿಗೆ ಯಾವ ನಿಯಮವನ್ನೂ ಪಾಲಿಸುವ ಸ್ಥಿತಿ ಇರುವುದಿಲ್ಲ. ಎಲ್ಲರೂ ಇವರನ್ನು ಸುತ್ತಿ ಹೋಗಬೇಕು. ಕೈಟ್ ಬಿದ್ದಿದ್ದರೆ ಸವಾರರಿಗೂ ಕೈಟಿಗೂ ನಡುವೆ ಎಂದೂ ಹಾಯಬೇಡಿ. ಲೈನು ನೀರಿನ ಮೇಲೆ ತೇಲುತ್ತಿರುತ್ತದೆ, ಬೋರ್ಡಿನ ಅಡಿಯ ರೆಕ್ಕೆ (ಫಿನ್) ಅದನ್ನು ಹಿಡಿದುಕೊಳ್ಳುತ್ತದೆ, ಕೈಟ್ ಅದೇ ಹೊತ್ತಿಗೆ ಮತ್ತೆ ಏಳಬಹುದು. ಸವಾರರ ಮೇಲ್ಬದಿಯಿಂದ ಹೋಗಿ, ಅದಕ್ಕಿಂತ ಸುರಕ್ಷಿತ ದಾರಿಯಿಲ್ಲ. ಇನ್ನೊಂದು ಮೋಸದ ಸ್ಥಿತಿ ಇದೆ. ಆಕಾಶದಲ್ಲಿ ಕೈಟ್ ಇದೆ, ನೀರಿನ ಮೇಲೆ ಯಾರೂ ನಿಂತಿಲ್ಲ. ಅಂದರೆ ಬೋರ್ಡ್ ಕಳೆದುಕೊಂಡವರು ನೀರಿನಲ್ಲಿ ಮೈ ಎಳೆಸಿಕೊಂಡು ಬರುತ್ತಿದ್ದಾರೆ. ಕೈಟಿನಿಂದ ಲೈನಿನಗುಂಟ ಮೇಲ್ಬದಿಗೆ ಕಣ್ಣು ಹಾಯಿಸಿ, ಅಲೆಗಳ ನಡುವೆ ಒಂದು ತಲೆ ಕಾಣುತ್ತದೆ. ಅದು ಕಾಣುವವರೆಗೆ ಆ ಕಡೆ ಹೋಗಬೇಡಿ.

ನಾಲ್ಕನೆಯದು, ದಡದ ಅಂಚು. ಹೊರಡುವವರಿಗೆ ಮೊದಲ ದಾರಿ, ಬರುವವರು ಕಾಯಬೇಕು. ಸೊಂಟದ ನೀರಿನಲ್ಲಿ ಒಡೆಯುವ ಅಲೆಗೆ ಮೈಯೊಡ್ಡಿ ನಿಂತವರಿಗೆ ವೇಗವೂ ಇಲ್ಲ, ಹಿಡಿತವೂ ಇಲ್ಲ. ಅಲೆ ಇರುವ ಕಡೆ ಸ್ವಲ್ಪ ಬೇರೆ: ಅಲೆಯ ಮೇಲೆ ಸವಾರಿ ಮಾಡುತ್ತಿರುವವರಿಗೆ, ಹೊರಗೆ ಹೋಗುತ್ತಿರುವವರು ದಾರಿ ಬಿಡಬೇಕು. ಮರಳಿನ ಮೇಲೆ ಕೈಟ್‌ನವರು ಲೈನು ಬಿಡಿಸಿಟ್ಟು ಊಟಕ್ಕೆ ಹೋಗಬಾರದು, ವಿಂಡ್‌ಸರ್ಫರ್‌ಗಳು ಕೈಟ್ ಏರಿಸುವ ಜಾಗದ ಕೆಳಬದಿಯಲ್ಲಿ ಹಾಯಿ ಜೋಡಿಸುತ್ತಾ ಕೂರಬಾರದು. ಲೈನು ತುಳಿಯದೆ, ಬಾರ್ ಹಿಡಿದವರ ಮೇಲ್ಬದಿಯಿಂದ ನಡೆದು ಹೋಗಿ.

ಇಷ್ಟಾದರೂ ಸಿಕ್ಕಿಕೊಂಡಿತು ಅನ್ನಿ. ಕೈಟ್‌ನವರು ತಕ್ಷಣ ಎದೆಯೆದುರಿನ ಕ್ವಿಕ್ ರಿಲೀಸ್ (ಕೈಟಿನ ಎಳೆತವನ್ನು ಒಮ್ಮೆಗೇ ಬಿಡಿಸುವ ಸಾಧನ) ತಳ್ಳಬೇಕು. ಯೋಚಿಸುವಂತಿಲ್ಲ, ಬಿಡಿಸಿ ನೋಡೋಣ ಎನ್ನುವಂತಿಲ್ಲ. ಅದಾದ ಮೇಲೂ ಕೈಟ್ ಎಳೆಯುತ್ತಿದ್ದರೆ ಕೈಟನ್ನು ಇನ್ನೂ ನಿಮಗೆ ಕಟ್ಟಿಟ್ಟಿರುವ ಹಗ್ಗವಾದ ಸೇಫ್ಟಿ ಲೀಶನ್ನೂ ಕಳಚಬೇಕು, ಆದರೆ ಕೆಳಬದಿಯಲ್ಲಿ ಯಾರಿದ್ದಾರೆ ಎಂದು ನೋಡಿ ಕೂಗಿಕೊಂಡು. ವಿಂಡ್‌ಸರ್ಫರ್ ಹಾರ್ನೆಸ್ ಕೊಕ್ಕೆ ಬಿಡಿಸಿಕೊಂಡು, ಬೂಮ್ ಬಿಟ್ಟು, ಲೈನು ಇಲ್ಲದ ಕಡೆಗೆ ನೀರಿಗೆ ಬೀಳಬೇಕು. ಬಿಗಿಯಾದ ಲೈನಿಗೆ ಕೈ ಹಾಕಬಾರದು, ಕೈಗೆ ಸುತ್ತಿಕೊಳ್ಳಲಂತೂ ಬಾರದು, ಎಳೆತ ಬಂದರೆ ಅದು ಬೆರಳನ್ನೇ ಕೊಯ್ಯುತ್ತದೆ. ಹಾರ್ನೆಸ್‌ನಲ್ಲಿ ಲೈನು ಕತ್ತರಿಸುವ ಕೊಕ್ಕೆಚಾಕು ಇಬ್ಬರ ಬಳಿಯೂ ಇರಲಿ, ಒಂದೇ ಕೈಗೆ ಸಿಗುವ ಹಾಗೆ.

ಬಿಡಿಸಿಕೊಂಡ ಮೇಲೆ ಮತ್ತೆ ನೀರಿಗೆ ಹೋಗುವ ಮುನ್ನ ದಡಕ್ಕೆ ಬನ್ನಿ. ಮಾಸ್ಟ್ ತೂರಿಸುವ ಹಾಯಿಯ ಕವಚದ ಮೇಲೆ ಬೆರಳಾಡಿಸಿ, ಲೈನು ಕೊರೆದ ಗೀರು ಒಳಗಿನ ಮಾಸ್ಟಿನ ಕಾರ್ಬನ್ನಿಗೆ ಇಳಿದಿದ್ದರೆ ಅಂದು ಆ ಮಾಸ್ಟ್ ಮತ್ತೆ ಬಳಸಬೇಡಿ. ಕೈಟಿನ ನಾಲ್ಕೂ ಲೈನನ್ನು ಒಂದೇ ಗೂಟಕ್ಕೆ ಹಾಕಿ ಎಳೆದು ಉದ್ದ ಹೋಲಿಸಿ. ಒಂದು ಹಿಗ್ಗಿದ್ದರೆ ಕೈಟ್ ತನ್ನಷ್ಟಕ್ಕೆ ಒಂದು ಕಡೆ ವಾಲುತ್ತದೆ. ಗಂಟು ಬಿದ್ದಿದ್ದರೆ ಬಿಚ್ಚಿ, ಬಿಚ್ಚಲಾಗದಿದ್ದರೆ ಆ ಲೈನನ್ನೇ ಬದಲಿಸಿ. ಗಂಟು ಇರುವಲ್ಲಿ ಲೈನಿನ ತಾಕತ್ತು ತೀರಾ ಇಳಿದಿರುತ್ತದೆ, ಮುಂದಿನ ಸಲ ಅದು ಹರಿಯುವುದು ಅಲ್ಲೇ.