ಒಂದೇ ದಿನಕ್ಕೆ ಮೂರು ಝೂ ಬೇಡ ಮಾರಾಯ್ರೇ

ಸುರತ್ಕಲ್‌ನಿಂದ ಭಾವ ವಾಟ್ಸಾಪ್‌ನಲ್ಲಿ ಪ್ಲಾನ್ ಕಳಿಸಿದ್ದಾರೆ. ಸಿಂಗಾಪುರದಲ್ಲಿ ನಾಲ್ಕು ರಾತ್ರಿ. ವಿಮಾನ ಇಳಿದವರೇ ಸೀದಾ ಝೂ, ಸಂಜೆ ನೈಟ್ ಸಫಾರಿ. ಮರುದಿನ ಬೆಳಿಗ್ಗೆ ಬರ್ಡ್ ಪ್ಯಾರಡೈಸ್, ಮಧ್ಯಾಹ್ನ ರಿವರ್ ವಂಡರ್ಸ್, ಸಂಜೆ ಸೆಂಟೋಸಾ ದ್ವೀಪದ ಅಕ್ವೇರಿಯಂ. ಬರುವವರು ಯಾರು? ಭಾವ, ಅಕ್ಕ, ಏಳನೇ ಕ್ಲಾಸಿನ ಮಗಳು, ಯುಕೆಜಿ ಮಗ, ಮತ್ತೆ ಗಂಟುನೋವು ಇರುವ ಅಕ್ಕನ ಅತ್ತೆ. ಕೊನೆಗೆ ಒಂದು ಸಾಲು: "ಎಲ್ಲ ಸೇರಿಸಿ ಟಿಕೆಟ್ ತಗೊಂಡರೆ ಕಡಿಮೆ ಆಗ್ತದಂತೆ, ಅಲ್ವಾ?"

ಕಡಿಮೆ ಆಗುತ್ತದೆ, ಹೌದು. ಆದರೆ ಕಾಲು ಕೇಳಬೇಕಲ್ಲ. ಅವರಿಗೆ ಬರೆದದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲೂ ಹಾಕುತ್ತಿದ್ದೇನೆ. ಏಪ್ರಿಲ್, ಮೇಯಲ್ಲಿ ಊರಿನಿಂದ ಹೊರಡುವವರು ಬೇರೆಯವರೂ ಇದ್ದೀರಿ.

ಬೆಂಗಳೂರಿನಿಂದ ವಿಮಾನ ಬರೀ ನಾಲ್ಕೂವರೆ ಗಂಟೆ. ಆದರೆ ಇಲ್ಲಿ ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹೊರಟರೆ ನಿದ್ದೆ ಆಗುವ ಮೊದಲೇ ಬೆಳಗಾಗಿರುತ್ತದೆ. ಅದಕ್ಕೂ ಮೊದಲು ಮಂಗಳೂರಿನಿಂದ ಘಾಟಿ ಹತ್ತಿದ ಆಯಾಸ ಬೇರೆ. ಆ ದಿನ ಯಾವ ಪ್ರಾಣಿಯೂ ಬೇಡ. ಸ್ನಾನ, ಊಟ, ನಿದ್ದೆ. ಸಂಜೆ ಬೇಕಾದರೆ ಲಿಟಲ್ ಇಂಡಿಯಾ ಕಡೆ ಒಂದು ಸುತ್ತು. ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ 1947ರಿಂದ ದೋಸೆ ಹಾಕುತ್ತಿದೆ, ಅತ್ತೆಗೆ ಊಟದ ಚಿಂತೆ ಇಲ್ಲ.

ಇನ್ನು ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು? ನನ್ನ ಲೆಕ್ಕ ಸುಲಭ. ಊರಲ್ಲಿ ಸಿಗುವುದನ್ನು ನೋಡಲು ಇಷ್ಟು ದೂರ ಬರಬಾರದು. ಹುಲಿ, ಸಿಂಹ ಪಿಲಿಕುಳದಲ್ಲೇ ಉಂಟು. ಕಾಳಿಂಗ ಸರ್ಪವನ್ನಂತೂ ಅಲ್ಲಿ ಮರಿ ಮಾಡಿಸಿದ್ದಾರೆ. ಒರಾಂಗುಟಾನ್, ಗೊರಿಲ್ಲಾ ಮೈಸೂರಿಗೇ ಬಂದಾಯಿತು. ಹಾಗಾದರೆ ಇಲ್ಲಿಗೆ ಯಾಕೆ? ಇಡುವ ರೀತಿ ಬೇರೆ, ಅದಕ್ಕೆ. 1973ರಲ್ಲಿ ಶುರುವಾದಾಗಿನಿಂದ ಸಿಂಗಾಪುರ ಝೂನಲ್ಲಿ ಸರಳು, ಬೇಲಿ ಆದಷ್ಟು ಕಡಿಮೆ. ಕಂದಕ, ನೀರು, ಗಿಡಗಳೇ ಅಡ್ಡ. ಒರಾಂಗುಟಾನ್ ನಿಮ್ಮ ತಲೆಯ ಮೇಲೆಯೇ ಹಗ್ಗ ಹಿಡಿದು ಮರದಿಂದ ಮರಕ್ಕೆ ದಾಟುತ್ತದೆ. ಪ್ರೊಬೊಸಿಸ್ ಕೋತಿಯನ್ನು ತಪ್ಪಿಸಬೇಡಿ. ಬೋರ್ನಿಯೋ ದ್ವೀಪ ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ. ಗಂಡಿನ ಮೂಗು ಬಾಯಿಯ ಮೇಲೆ ಜೋಲುತ್ತಿರುತ್ತದೆ, ಮುದುಕಪ್ಪನ ಹಾಗೆ ಕೂತು ಎಲೆ ಜಗಿಯುತ್ತದೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಗೇಟು ತೆರೆಯುವುದು ಎಂಟೂವರೆಗೆ. ಎಂಟೂವರೆಗೇ ಅಲ್ಲಿರಿ. ಹನ್ನೊಂದರ ಮೇಲೆ ಸೆಖೆ ಮಂಗಳೂರಿನದ್ದೇ, ಏನೂ ವ್ಯತ್ಯಾಸ ಇಲ್ಲ. ಪ್ರಾಣಿಗಳೂ ನೆರಳು ಹುಡುಕಿ ಮಲಗುತ್ತವೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೇಲೆ ಗುಡುಗು ಮಳೆಯೂ ಜಾಸ್ತಿ. ಅತ್ತೆಗೆ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಒಳಗೆ ಟ್ರಾಮ್ ಕೂಡ ಇದೆ. "ನನಗೆಂತ ಆಗಿದೆ" ಅಂತ ಅವರು ಹೇಳಿಯೇ ಹೇಳುತ್ತಾರೆ. ಕೇಳಬೇಡಿ, ತಗೊಳ್ಳಿ. ಅಲ್ಲಿಗೆ ಹೋಗಲು ಖಾತಿಬ್ ಸ್ಟೇಶನ್‌ನಲ್ಲಿ ಇಳಿದರೆ ಶಟಲ್ ಬಸ್ ಸಿಗುತ್ತದೆ. ಆದರೆ ಟ್ರೈನಿನಲ್ಲಿ ಚಕ್ಕುಲಿ ಡಬ್ಬಿ ತೆಗೆಯಬೇಡಿ. ತಿನ್ನುವುದು ಬಿಡಿ, ನೀರು ಕುಡಿದರೂ ತಪ್ಪು. ದಂಡ 500 ಸಿಂಗಾಪುರ ಡಾಲರ್ ವರೆಗೆ ಬೀಳಬಹುದು.

ಮಧ್ಯಾಹ್ನದ ಬಿಸಿಲಿಗೆ ಪಕ್ಕದ ರಿವರ್ ವಂಡರ್ಸ್, ಅಂದರೆ ನದಿ ಪ್ರಾಣಿಗಳ ಝೂ, ಸರಿ. 2012ರಲ್ಲಿ ಚೀನಾದಿಂದ ಬಂದ ಕಾಯ್ ಕಾಯ್, ಜಿಯಾ ಜಿಯಾ ಎಂಬ ಪಾಂಡಾಗಳಿಗೆ ಎಸಿ ಹಾಕಿದ ಮನೆ ಉಂಟು, ನಮಗೂ ತಂಪು. ಸುಮ್ನೆ ಪಾಂಡಾ ಮುಂದೆ ಸೆಲ್ಫಿ ತೆಗೆದು ಓಡಬೇಡಿ. ಮನಾಟಿ (ನೀರಲ್ಲೇ ಬದುಕುವ, ಸೊಪ್ಪು ತಿನ್ನುವ ದೊಡ್ಡ ಪ್ರಾಣಿ) ಇರುವ ದೊಡ್ಡ ಗಾಜಿನ ಮುಂದೆ ಅರ್ಧ ಗಂಟೆ ಕೂರಿ.

ನೈಟ್ ಸಫಾರಿ ಅದೇ ದಿನ ಬೇಡವೇ ಬೇಡ. ರಾತ್ರಿಗೆಂದೇ ಮಾಡಿದ ಝೂ ಪ್ರಪಂಚದಲ್ಲಿ ಇದೇ ಮೊದಲನೆಯದು, 1994ರದ್ದು, ನೋಡಬೇಕಾದದ್ದೇ. ಆದರೆ ಬಾಗಿಲು ತೆರೆಯುವಾಗ ಏಳೂಕಾಲು. ಟ್ರಾಮ್ ಸುತ್ತಿ ಬರಲು 40 ನಿಮಿಷ, ಯುಕೆಜಿ ಹುಡುಗ ಅಷ್ಟರಲ್ಲಿ ನಿದ್ದೆ. ಭಾವ ಮತ್ತು ಮಗಳು ಇಬ್ಬರೇ ಇನ್ನೊಂದು ದಿನ ಹೋಗಲಿ. ಟ್ರಾಮ್‌ಗಿಂತ ನಡೆಯುವ ದಾರಿಯೇ ನನಗೆ ಇಷ್ಟ. ಮಂದ ಬೆಳಕಿನಲ್ಲಿ ಮೀನು ಹಿಡಿಯುವ ಕಾಡುಬೆಕ್ಕು ನೀರಿನ ಅಂಚಿಗೆ ಬಂದು ಕೂರುವುದು ಕಾಣುತ್ತದೆ. ಟಿಕೆಟ್‌ನಲ್ಲಿ ಸಮಯ ಮೊದಲೇ ಬುಕ್ ಮಾಡಬೇಕು. ಬರ್ಡ್ ಪ್ಯಾರಡೈಸ್ ಈ ಸಲ ಬಿಡಿ.

ಅಕ್ವೇರಿಯಂಗೆ ಮಾತ್ರ ಒಂದು ಇಡೀ ದಿನ. ಸೆಂಟೋಸಾದಲ್ಲಿ ಮೊದಲಿದ್ದ ಅಕ್ವೇರಿಯಂ 2025ರ ಜುಲೈಯಲ್ಲಿ ಮೂರು ಪಟ್ಟು ದೊಡ್ಡದಾಗಿ, ಸಿಂಗಾಪುರ ಓಷನೇರಿಯಂ ಎಂಬ ಹೆಸರಲ್ಲಿ ತೆರೆದಿದೆ. ಒಳಗೆಲ್ಲ ತಂಪು, ಮಳೆಯ ಹೆದರಿಕೆ ಇಲ್ಲ, ಕೂರಲಿಕ್ಕೆ ಜಾಗ ಇದೆ. ಅತ್ತೆಗೆ ಇದಕ್ಕಿಂತ ಒಳ್ಳೆಯ ದಿನ ಸಿಗಲಿಕ್ಕಿಲ್ಲ. ಇದರಲ್ಲಿ 36 ಮೀಟರ್ ಅಗಲದ ಒಂದು ಗಾಜು ಉಂಟು. ಅದರ ಹಿಂದೆ ಮಾಂಟಾ ತೊರಕೆಗಳು ರೆಕ್ಕೆ ಬೀಸಿಕೊಂಡು ಹೋಗುತ್ತವೆ.

ಹಿಂದೆ ಮಲ್ಪೆಯಿಂದ ಗೆಳೆಯನ ಅಪ್ಪ ಬಂದಿದ್ದರು. ದೋಣಿಯಲ್ಲೇ ಜೀವನ ಕಳೆದವರು. ಅಲ್ಲಿಗೆ ಕರೆದುಕೊಂಡು ಹೋದರೆ "ಎಷ್ಟು ಕಿಲೋ ಬರಬಹುದು" ಅಂತ ಶುರು ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ಸಣ್ಣ ಮೀನುಗಳ ಗುಂಪೊಂದು ಶಾರ್ಕ್ ಬಂದ ಕೂಡಲೇ ಎರಡಾಗಿ ಒಡೆದು, ಅದು ದಾಟಿದ ಮೇಲೆ ಮತ್ತೆ ಸೇರಿತು. ಅವರು ಗಾಜಿಗೆ ಕೈ ಊರಿ ಅದನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ನಾವು ನೋಡಿದ್ದು ಬಲೆಗೆ ಬಿದ್ದದ್ದನ್ನು ಮಾತ್ರ ಮಾರಾಯ. ಒಳಗೆ ಹೀಗೆ ತಿರುಗ್ತದೆ ಅಂತ ಯಾರಿಗೆ ಗೊತ್ತಿತ್ತು!" ಅವರನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಊಟ ಮುಗಿದಿತ್ತು. ಈ ಜಾಗಕ್ಕೆ ಸಂಜೆ ಎರಡು ಗಂಟೆ ಇಟ್ಟರೆ ಹೇಗೆ ಸಾಕಾಗುತ್ತದೆ?

ತಿಂಗಳ ಮಾತು. ಇಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಜೂನ್‌ನಲ್ಲಿ, ಮತ್ತೆ ನವೆಂಬರ್ ನಡುವಿನಿಂದ ವರ್ಷದ ಕೊನೆವರೆಗೆ. ನಮ್ಮ ಬೇಸಿಗೆ ರಜೆ, ದಸರಾ ರಜೆ ಎರಡೂ ಅದಕ್ಕೆ ತಾಗುವುದಿಲ್ಲ. ಶನಿವಾರ, ಭಾನುವಾರ ಬಿಟ್ಟು ಹೋದರೆ ಗಾಜಿನ ಮುಂದೆ ಜಾಗ ಸಿಗುತ್ತದೆ. ಸೆಂಟೋಸಾದ ಸೇತುವೆಯನ್ನು ನಡೆದೇ ದಾಟಬಹುದು, ಅದಕ್ಕೆ ದುಡ್ಡಿಲ್ಲ.

ವೀಸಾ ನಮಗೆ ಬೇಕು. ಅಧಿಕೃತ ಏಜೆಂಟರ ಮೂಲಕ ಮಾಡಿಸಿ, ವಿಮಾನದ ಟಿಕೆಟ್‌ಗಿಂತ ಮೊದಲು ಎಲ್ಲರ ಪಾಸ್‌ಪೋರ್ಟ್ ತಾರೀಕು ನೋಡಿ. ಇಳಿಯುವ ಮೊದಲಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಸಿಂಗಾಪುರ ಪ್ರವೇಶದ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಿಸಬೇಕು, ಮಕ್ಕಳದ್ದೂ ಬೇಕು. ಅದು ಉಚಿತ. ಅದಕ್ಕೆ ದುಡ್ಡು ಕೇಳುವ ಪೇಜ್ ಸಿಕ್ಕಿದರೆ ಕಾರ್ಡ್ ನಂಬರ್ ಹಾಕಬೇಡಿ, ಮುಚ್ಚಿಬಿಡಿ. ಗೊತ್ತಾಗದಿದ್ದರೆ ನನಗೊಂದು ಮೆಸೇಜ್ ಹಾಕಿ, ಲಿಂಕ್ ಕಳಿಸುತ್ತೇನೆ.